ನಿಧಾನವಾದದ್ದು ನೀರೋ, ನಿರ್ಧಾರವೋ?

ಪಿಯುಸಿಯಲ್ಲಿದ್ದಾಗ ಒಂದು ಕಿರುಪರೀಕ್ಷೆಯಲ್ಲಿ ‘ಐ ವಾಂಟ್ ಟು ಫುಲ್ಲಿ ಅಂಡರ್‌ಸ್ಟ್ಯಾಂಡ್ ದಿಸ್ ಪೊಯೆಮ್’ ಎಂದು ಬರೆದಿದ್ದೆ. ‘ಫುಲ್ಲಿ’ಗೆ ಕೆಂಪು ಶಾಯಿಯ ಸುತ್ತು ಬಿತ್ತು. ಅಂಚಿನಲ್ಲಿ ‘ಸ್ಪ್ಲಿಟ್ ಇನ್ಫಿನಿಟಿವ್’ ಎಂಬ ಎರಡು ಪದ. ಒಂದು ಅಂಕ ಹೋಯಿತು. ಹೊಳಲ್ಕೆರೆ ತಾಲ್ಲೂಕಿನ ಕನ್ನಡ ಮಾಧ್ಯಮದ ಶಾಲೆಯಿಂದ ಬಂದವನಿಗೆ ಅದೇನೆಂದು ಕೇಳುವ ಧೈರ್ಯ ಇರಲಿಲ್ಲ. ಅಲ್ಲಿಂದ ಮುಂದೆ ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣ ಬಂದರೆ ಅದನ್ನು ವಾಕ್ಯದ ತುದಿಗೆ ತಳ್ಳುತ್ತಿದ್ದೆ, ಇಲ್ಲವೇ ಬಿಟ್ಟೇಬಿಡುತ್ತಿದ್ದೆ. ಹಾಗೆ ಬಿಟ್ಟುಹೋದ ಪದಗಳ ಜೊತೆ ನಾನು ಹೇಳಬೇಕೆಂದಿದ್ದ ಮಾತೂ ಎಷ್ಟೋ ಸಲ ಬಿಟ್ಟುಹೋಗಿದೆ.

ನಿಯಮ ಸರಳ. ಇಂಗ್ಲಿಷಿನ ‘ಟು’ ಮತ್ತು ಅದರ ಕ್ರಿಯಾಪದದ ನಡುವೆ ಏನನ್ನೂ ತರಬಾರದು. ಆದರೆ ಈ ನಿಯಮ ಇಂಗ್ಲಿಷ್ ಭಾಷೆಯಷ್ಟು ಹಳೆಯದಲ್ಲ. ಮಧ್ಯಯುಗದ ಬರಹದಲ್ಲೇ ಇಂಥ ಪ್ರಯೋಗಗಳು ಸಿಗುತ್ತವೆ. ಹೆನ್ರಿ ಆಲ್‌ಫರ್ಡ್ ಎಂಬ ಪಾದ್ರಿ 1864ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಆಕ್ಷೇಪಿಸಿದ. ಆಮೇಲೆ ಶಾಲೆಗಳು ಆ ಆಕ್ಷೇಪವನ್ನೇ ಹಿಡಿದುಕೊಂಡವು. 1926ರಲ್ಲಿ ಫೌಲರ್ ತನ್ನ ಪ್ರಯೋಗಕೋಶದಲ್ಲಿ ಈ ಭಯವನ್ನು ಗೇಲಿ ಮಾಡಿದ್ದ. ಅದಾಗಿ ಸುಮಾರು ನೂರು ವರ್ಷವಾದರೂ ಕೆಂಪು ಶಾಯಿಗೆ ಸುದ್ದಿ ಮುಟ್ಟಿಲ್ಲ.

ನಿಯಮದ ಪರವಾಗಿ ಸಾಮಾನ್ಯವಾಗಿ ಹೇಳುವ ಒಂದು ಕಾರಣ ನನಗೆ ತಮಾಷೆಯಾಗಿ ಕಾಣುತ್ತದೆ. ಲ್ಯಾಟಿನ್ನಿನಲ್ಲಿ ಈ ರೂಪ ಒಂದೇ ಪದ, ಅದನ್ನು ಸೀಳಲಾಗದು, ಆದ್ದರಿಂದ ಇಂಗ್ಲಿಷಿನಲ್ಲೂ ಸೀಳಬಾರದಂತೆ. ಕನ್ನಡದಲ್ಲೂ ಅದು ಒಂದೇ ಪದ. ‘ಮಾಡಲು’, ‘ಮಾಡಲಿಕ್ಕೆ’ ಎಂಬವನ್ನು ಶಾಲಾ ವ್ಯಾಕರಣ ಕೃದಂತಾವ್ಯಯ ಎನ್ನುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಅದು ‘ಮಾಡಾಕೆ’, ‘ಮಾಡಕೆ’, ಬೆಂಗಳೂರಿನತ್ತ ಹೋದರೆ ‘ಮಾಡೋಕೆ’. ಯಾವುದರ ಹೊಟ್ಟೆಯೊಳಗೂ ‘ನಿಧಾನವಾಗಿ’ ತುರುಕಲು ಆಗುವುದಿಲ್ಲ. ನಾವು ಸೀಳುವುದು ಬೇರೆ ಜಾಗದಲ್ಲಿ: ‘ಬರಲಿಲ್ಲ’ ಎಂಬುದರ ನಡುವೆ ಒಂದು ಏಕಾರ ಇಟ್ಟು ‘ಬರಲೇ ಇಲ್ಲ’ ಅನ್ನುತ್ತೇವೆ. ಅದಕ್ಕೆ ಯಾರೂ ಅಂಕ ಕಳೆದದ್ದನ್ನು ಕಂಡಿಲ್ಲ.

ಕ್ರಿಯಾವಿಶೇಷಣ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ: ಅದು ಯಾವ ಕ್ರಿಯೆಯದು? ನನಗೆ ಇದು ಹೊಳೆದದ್ದು ತೀರ ಈಚೆಗೆ, ಕಿರಿಯರಿಗೆ ಅನುವಾದದ ಅಭ್ಯಾಸ ಮಾಡಿಸುವಾಗ. ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮವರ ಬಾಯಲ್ಲಿ ಮಾರಿಕಣಿವೆ, 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ನೆನಪಿನಲ್ಲಿ ಒಂದು ವಾಕ್ಯ ಕಟ್ಟಿಕೊಟ್ಟೆ: ‘ಅಣೆಕಟ್ಟಿನ ನೀರನ್ನು ನಿಧಾನವಾಗಿ ಬಿಡಲು ತೀರ್ಮಾನಿಸಿದರು.’ ಒಬ್ಬ ವಿದ್ಯಾರ್ಥಿನಿ ‘ದೆ ಡಿಸೈಡೆಡ್ ಸ್ಲೋಲಿ ಟು ರಿಲೀಸ್ ದ ವಾಟರ್’ ಎಂದು ಬರೆದಳು. ಸೀಳಿಲ್ಲ, ನಿಯಮ ಪಾಲನೆಯಾಗಿದೆ. ಆದರೆ ನಿಧಾನವಾದದ್ದು ನೀರೋ, ನಿರ್ಧಾರವೋ? ಕೆಳಗಿನ ತೋಟದವನಿಗೆ ಈ ಎರಡೂ ಒಂದೇ ಅಲ್ಲ.

‘ಕನ್ನಡದಲ್ಲಿ ತೀರ್ಮಾನವೇ ನಿಧಾನವಾಗಿದ್ದರೆ ಹೇಗೆ ಹೇಳ್ತೀಯಮ್ಮ?’ ಎಂದು ಕೇಳಿದೆ.

‘ನೀರು ಬಿಡಕೆ ನಿಧಾನವಾಗಿ ತೀರ್ಮಾನ ಮಾಡಿದ್ರು ಅಂತೀನಿ ಸರ್.’

ಯೋಚಿಸಲೂ ಇಲ್ಲ ಆಕೆ. ಕ್ರಿಯಾವಿಶೇಷಣವನ್ನು ಎತ್ತಿ ಅದರ ಒಡೆಯನ ಪಕ್ಕದಲ್ಲಿ ಕೂರಿಸಿದಳು, ಅಷ್ಟೆ. ಇಂಗ್ಲಿಷಿನ ‘ಟು ಸ್ಲೋಲಿ ರಿಲೀಸ್’ ಮಾಡುವುದೂ ಇದನ್ನೇ. ‘ಸ್ಲೋಲಿ’ ಅಲ್ಲಿ ‘ರಿಲೀಸ್’ನದಲ್ಲದೆ ಬೇರೆ ಯಾರದ್ದೂ ಆಗಲಾರದು. ಇಷ್ಟು ಚಿಕ್ಕ ವಾಕ್ಯದಲ್ಲಿ ‘ಸ್ಲೋಲಿ’ಯನ್ನು ಕೊನೆಗೆ ಇಡುವುದೇ ಹೆಚ್ಚು ಸಹಜ, ಒಪ್ಪುತ್ತೇನೆ. ಆದರೆ ‘ಕಳೆದ ಮಳೆಗಾಲದಿಂದ ಅಣೆಕಟ್ಟಿನಲ್ಲಿ ನಿಂತಿದ್ದ’ ಎಂಬುದನ್ನೆಲ್ಲ ನೀರಿಗೆ ಸೇರಿಸಿದರೆ, ಇಂಗ್ಲಿಷಿನಲ್ಲಿ ಅಷ್ಟೂ ಪದಗಳು ‘ವಾಟರ್’ ಆದಮೇಲೆ ಬರುತ್ತವೆ. ತುದಿಯ ‘ಸ್ಲೋಲಿ’ ಕ್ರಿಯೆಯಿಂದ ಒಂದು ಹರದಾರಿ ದೂರದಲ್ಲಿ ನಿಲ್ಲುತ್ತದೆ. ಇನ್ನು ಕೆಲವಕ್ಕೆ ನಡುವಿನದಲ್ಲದೆ ಬೇರೆ ಜಾಗವೇ ಇಲ್ಲ. ಈರುಳ್ಳಿ ಬೆಲೆ ದುಪ್ಪಟ್ಟಿಗೂ ಮೀರುವ ನಿರೀಕ್ಷೆ ಇದೆ ಎನ್ನಲು ‘ಟು ಮೋರ್ ದ್ಯಾನ್ ಡಬಲ್’ ಅನ್ನಬೇಕು. ಆ ‘ಮೋರ್ ದ್ಯಾನ್’ ಅನ್ನು ಎಲ್ಲಿಗೆ ಸರಿಸಿದರೂ ವಾಕ್ಯ ಮುರಿದುಬೀಳುತ್ತದೆ.

ಈ ಭಯ ದೊಡ್ಡವರನ್ನೂ ಬಿಟ್ಟಿಲ್ಲ. 2009ರ ಜನವರಿ 20ರಂದು ಒಬಾಮಾಗೆ ಪ್ರಮಾಣವಚನ ಬೋಧಿಸುವಾಗ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ‘ವಿಲ್’ ಮತ್ತು ಕ್ರಿಯಾಪದದ ನಡುವೆ ಇರಬೇಕಿದ್ದ ‘ಫೇತ್‌ಫುಲ್ಲಿ’ಯನ್ನು ಕೊನೆಗೆ ಒಯ್ದರು. ಮರುದಿನ ಪ್ರಮಾಣವಚನ ಇನ್ನೊಮ್ಮೆ ನಡೆಯಿತು. ನಡುವೆ ಏನೂ ಬರಬಾರದೆಂಬ ಹಳೆಯ ಪಾಠವೇ ಅವರ ನಾಲಿಗೆ ತಿರುಗಿಸಿತು ಎಂದು ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ ವಾದಿಸಿದರು. ಅದು ಊಹೆಯೇ ಇರಬಹುದು. ನನ್ನಂಥವನಿಗೆ ಅದರಿಂದ ಸ್ವಲ್ಪ ಸಮಾಧಾನವಂತೂ ಆಯಿತು.

ಒಂದು ಭಾಷೆಯ ಮೈಗೆ ಇನ್ನೊಂದರ ಅಂಗಿ ತೊಡಿಸುವುದು ನಮಗೆ ಹೊಸದಲ್ಲ. ಡಿ.ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದ ವಾದವೂ ಇದೇ: ಸಂಸ್ಕೃತದ ಚೌಕಟ್ಟಿನಲ್ಲಿ ಕೂರಿಸಿ ನೋಡಿದ್ದರಿಂದ ಕನ್ನಡದ ಸ್ವಂತ ನಡಿಗೆ ನಮ್ಮ ವ್ಯಾಕರಣಗಳಿಗೆ ಕಾಣದೆ ಹೋಯಿತು. ಭಟ್ಟರ ಎಲ್ಲ ತೀರ್ಮಾನಗಳನ್ನೂ ನಾನು ಒಪ್ಪುವುದಿಲ್ಲ. ಆದರೆ ಇಂಗ್ಲಿಷ್ ತರಗತಿಯಲ್ಲಿ ಲ್ಯಾಟಿನ್ನಿನ ಅಂಗಿ, ಕನ್ನಡ ತರಗತಿಯಲ್ಲಿ ಸಂಸ್ಕೃತದ ಅಂಗಿ ತೊಟ್ಟ ಹುಡುಗ ಎರಡು ಕಡೆಯೂ ತನ್ನ ಕಿವಿಯನ್ನು ನಂಬದೆ ಬೆಳೆಯುತ್ತಾನೆ.

ಸಾಹಿತ್ಯದ ಅನುವಾದಕ್ಕೆ ಬಂದರೆ ತೊಡಕು ಇನ್ನೊಂದು ಬಗೆಯದು. ದುರ್ಗದ ಕೋಟೆಯ ಕಥೆ ಹೇಳುವಾಗ ನಮ್ಮವರು ‘ಸರಸರನೆ ಹತ್ತಲು’, ‘ಗಕ್ಕನೆ ನಿಲ್ಲಲು’, ‘ಸದ್ದಿಲ್ಲದೆ ನುಸುಳಲು’ ಎನ್ನುತ್ತಾರೆ. ಇಲ್ಲಿ ಕಸುವಿರುವುದು ಹೆಚ್ಚಾಗಿ ಕ್ರಿಯಾವಿಶೇಷಣದಲ್ಲಿ. ಇಂಗ್ಲಿಷಿನ ಕಸುವು ಬಹುಪಾಲು ಕ್ರಿಯಾಪದದಲ್ಲೇ. ‘ಸರಸರನೆ ಹತ್ತಲು’ ಎಂಬುದನ್ನು ‘ಟು ಕ್ವಿಕ್ಲಿ ಕ್ಲೈಂಬ್’ ಮಾಡಿದರೆ ವ್ಯಾಕರಣ ಸರಿ, ಜೀವ ಇಲ್ಲ. ‘ಟು ಸ್ಕ್ರ್ಯಾಂಬಲ್ ಅಪ್’ ಎಂದರೆ ಬಂಡೆಗೆ ಕೈಯೂರಿದ ಅನುಭವ ಬರುತ್ತದೆ. 1985ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ತರಾಸು ಅವರ ‘ದುರ್ಗಾಸ್ತಮಾನ’ದಂಥ ಕೃತಿಗೆ ಕೈಹಾಕುವವರಿಗೆ ‘ಟು’ವಿನ ಪಕ್ಕ ಏನಿದೆ ಎಂದು ಕಾಯುವ ಪುರುಸೊತ್ತು ಇರಬಾರದು. ತಿರುಗುಮುರುಗಾದ ತಪ್ಪನ್ನೂ ನಾವು ಮಾಡುತ್ತೇವೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಸಿಕ್ಕಿದ್ದಕ್ಕೆಲ್ಲ ‘ಆಗಿ’ ಅಂಟಿಸಿ ‘ಹಠಾತ್ತಾಗಿ ನಿಲ್ಲಲು’ ಎಂದು ಬರೆಯುತ್ತೇವೆ. ಹೊಸದುರ್ಗದ ಬಸ್ಸಿನಲ್ಲಿ ನಿಂತು ಬರುವ ಯಾರನ್ನಾದರೂ ಕೇಳಿ, ಬಸ್ಸು ನಿಲ್ಲುವುದು ಗಕ್ಕನೆ.

ನನ್ನ ಪ್ರಬಂಧದ ಇಂಗ್ಲಿಷ್ ಸಾರಾಂಶದ ಮೊದಲ ವಾಕ್ಯದಲ್ಲಿ ‘ಟು ಫುಲ್ಲಿ ಅಂಡರ್‌ಸ್ಟ್ಯಾಂಡ್’ ಎಂದು ಹೋದ ವಾರ ಬರೆದಿದ್ದೇನೆ. ಮಾರ್ಗದರ್ಶಕರು ಇನ್ನೂ ಓದಿಲ್ಲ.