ಗ್ರಹ ಸಾಕುವವರ ಆಟ

ಹೊಸೂರು ದಾರಿಯ ಜೂಜುವಾಡಿ ಚೆಕ್‌ಪೋಸ್ಟ್ ದಾಟಿದರೆ ರಾಜ್ಯ ಬದಲು, ಅಂಗಡಿ ಬೋರ್ಡಿನ ಲಿಪಿಯೂ ಬದಲು. ನೆಲದಡಿಯ ಬಂಡೆ ಮಾತ್ರ ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವ ಪೆನಿನ್ಸುಲರ್ ನೈಸ್ ಕುಲದ್ದೇ. ಅದರ ವಯಸ್ಸು 250ರಿಂದ 340 ಕೋಟಿ ವರ್ಷ. ಅಷ್ಟು ದೀರ್ಘ ಕಾಲವನ್ನು ಕಂಪ್ಯೂಟರ್ ಪರದೆಗೆ ತರುವ ಧೈರ್ಯ ಮಾಡಿದ ಆಟ, 1990ರಲ್ಲಿ ಮ್ಯಾಕ್ಸಿಸ್ ಕಂಪನಿ ಹೊರತಂದ ‘ಸಿಮ್‌ಅರ್ಥ್’.

ಇದನ್ನು ರೂಪಿಸಿದ ವಿಲ್ ರೈಟ್ ಅದರ ಹಿಂದಿನ ವರ್ಷವಷ್ಟೇ ‘ಸಿಮ್‌ಸಿಟಿ’ಯಿಂದ ಹೆಸರಾಗಿದ್ದರು. ಊರು ಕಟ್ಟುವ ಆ ಆಟದ ರುಚಿ ಹತ್ತಿದವರಿಗೆ ಇಲ್ಲಿ ಮೊದಮೊದಲು ದಿಕ್ಕೇ ತೋಚದು. ರಸ್ತೆಯಿಲ್ಲ, ತೆರಿಗೆಯಿಲ್ಲ. ಇರುವುದು ಬಿಸಿಲು, ಮೋಡ, ಮಳೆ, ಹಸಿರುಮನೆ ಪರಿಣಾಮ, ಜೀವಿಗಳು ರೂಪಾಂತರಗೊಳ್ಳುವ ವೇಗ. ಒಂದನ್ನು ಏರಿಸಿದರೆ ಇನ್ನೊಂದು ಎಲ್ಲೋ ಅಲುಗುತ್ತದೆ. ಮುಟ್ಟಿದ್ದಕ್ಕೆಲ್ಲ ಶಕ್ತಿ ಖರ್ಚು, ಹಾಗಾಗಿ ಕೈ ಬಿಗಿಹಿಡಿಯಲೇಬೇಕು.

ಆಟದ ಬೆನ್ನೆಲುಬು ಜೇಮ್ಸ್ ಲವ್‌ಲಾಕ್ ಅವರ ಗಾಯಾ ಸಿದ್ಧಾಂತ: ಜೀವಿಗಳೂ ಗಾಳಿ, ನೀರು, ಬಂಡೆಗಳೂ ಸೇರಿ ಭೂಮಿಯನ್ನು ಬದುಕಲು ತಕ್ಕ ಸ್ಥಿತಿಯಲ್ಲಿ ಇಟ್ಟುಕೊಳ್ಳುತ್ತವೆ ಎಂಬ ವಾದ. ಆಟ ಸಿದ್ಧವಾಗುವಾಗ ಸ್ವತಃ ಲವ್‌ಲಾಕ್ ಸಲಹೆ ಕೊಟ್ಟಿದ್ದರು. 1983ರಲ್ಲಿ ಆಂಡ್ರ್ಯೂ ವಾಟ್ಸನ್ ಜೊತೆ ಅವರು ಮಂಡಿಸಿದ ‘ಡೈಸಿವರ್ಲ್ಡ್’ ಎಂಬ ಕಲ್ಪಿತ ಗ್ರಹದ ಮಾದರಿ ಕೂಡ ಇದರಲ್ಲಿದೆ. ಆ ಗ್ರಹದಲ್ಲಿ ಸೂರ್ಯ ಮಂದವಾಗಿದ್ದಾಗ ಕಪ್ಪು ಹೂಗಳು ಬಿಸಿಲು ಹೀರಿ ನೆಲ ಬೆಚ್ಚಗಾಗಿಸುತ್ತವೆ. ಸೂರ್ಯ ಪ್ರಖರವಾದಂತೆ ಬಿಸಿಲನ್ನು ಹಿಂದಕ್ಕಟ್ಟುವ ಬಿಳಿ ಹೂಗಳ ಕೈ ಮೇಲಾಗುತ್ತದೆ. ಯಾವ ಹೂವಿಗೂ ಇಂಥ ಉದ್ದೇಶವಿಲ್ಲ, ಆದರೂ ತಾಪಮಾನ ಬಹುಕಾಲ ಹದ ತಪ್ಪುವುದಿಲ್ಲ. ಗಾಯಾ ವಾದವನ್ನು ವಿವರಿಸಲು ಇದಕ್ಕಿಂತ ಚೊಕ್ಕ ದಾರಿ ಇಲ್ಲ.

ಭೂವೈಜ್ಞಾನಿಕ, ವಿಕಾಸ, ನಾಗರಿಕತೆ, ತಂತ್ರಜ್ಞಾನ ಎಂಬ ಆಟದ ನಾಲ್ಕು ಕಾಲಘಟ್ಟಗಳಲ್ಲಿ ಹೆಚ್ಚಿನವರು ಕೊನೆಯೆರಡಕ್ಕೆ ಹಾತೊರೆಯುತ್ತಾರೆ. ನಿಜವಾದ ಸೊಗಸಿರುವುದು ಮೊದಲಿನದರಲ್ಲಿ. ಕಡಲು ತುಂಬಿ, ಏಕಕೋಶ ಜೀವಿಗಳು ಹುಟ್ಟಿ, ಗಾಳಿಯ ಗ್ರಾಫಿನಲ್ಲಿ ಆಮ್ಲಜನಕದ ಪಟ್ಟಿ ಮೆಲ್ಲಗೆ ಮೇಲೇಳುವುದನ್ನು ನೋಡುತ್ತ ಕೂರಬೇಕು. ಇದು ಬರೀ ಆಟದ ಕಲ್ಪನೆಯಲ್ಲ. ಶಿವಮೊಗ್ಗದ ಕುಂಸಿ ಬಳಿಯ ಪ್ರಾಚೀನ ಸುಣ್ಣಶಿಲೆಗಳಲ್ಲಿ, ಕಡಲಂಚಿನ ಸೂಕ್ಷ್ಮಜೀವಿಗಳು ಪದರಪದರವಾಗಿ ಬಿಟ್ಟುಹೋದ ಸ್ಟ್ರೊಮ್ಯಾಟೊಲೈಟ್ ಗುರುತುಗಳಿವೆ. ಸುಮಾರು 260 ಕೋಟಿ ವರ್ಷ ಹಳೆಯವು. ಅವನ್ನು ಕಂಡವರಿಗೆ ಆ ಪಟ್ಟಿಯ ಬೆಲೆ ಬೇಗ ತಿಳಿಯುತ್ತದೆ.

ಬುದ್ಧಿಯೂ ಇಲ್ಲಿ ಮನುಷ್ಯರ ಸ್ವತ್ತಲ್ಲ. ಡೈನೋಸಾರ್, ಮೃದ್ವಂಗಿ, ಓಡಾಡಿ ಬೇಟೆಯಾಡುವ ‘ಕಾರ್ನಿಫರ್ನ್’ ಎಂಬ ಕಲ್ಪಿತ ಗಿಡ, ಯಾವುದಾದರೂ ನಗರ ಕಟ್ಟಬಹುದು. ರೈಟ್ ಅವರದೇ ‘ಸ್ಪೋರ್’ (2008) ಜೀವಿಗಳಿಗೆ ಚೆಂದದ ಮೈ ಕೊಟ್ಟಿತು, ನಿಜ. ಆದರೆ ಗಾಳಿ, ಕಡಲು, ಬಂಡೆಗಳ ಈ ಒಳಲೆಕ್ಕ ಅದರಲ್ಲಿ ತೆಳುವಾಯಿತು. ಆ ನಷ್ಟ ದೊಡ್ಡದು.

ಹಳೆಯ ಡಾಸ್ ಆವೃತ್ತಿ ಸಿಕ್ಕರೆ ಡಾಸ್‌ಬಾಕ್ಸ್‌ನಲ್ಲಿ ಈಗಲೂ ಓಡುತ್ತದೆ. ಹೊಸಬರು ಡೈಸಿವರ್ಲ್ಡ್‌ನಿಂದ ಶುರುಮಾಡಲಿ. ಕೈ ಪಳಗಿದ ಮೇಲೆ ಮಂಗಳಕ್ಕೆ ಹೋಗಿ, ಹಿಮದ ಉಲ್ಕೆಗಳನ್ನು ಬೀಳಿಸಿ ನೀರು ತುಂಬಿಸುವ ಕೆಲಸ ಹಿಡಿಯಬಹುದು.