ತಿನ್ನಲು ಮನಸ್ಸಾಗದ ಹೂಗುಚ್ಛ

ಹೋದ ವರ್ಷ ಶಿಕ್ಷಕರ ದಿನದಂದು ನನಗೊಂದು ಹೂಗುಚ್ಛ ಬಂತು. ಸೆಪ್ಟೆಂಬರ್ 5ರಂದು ನಮ್ಮಂಥವರಿಗೆ ಗುಲಾಬಿ, ಪೆನ್ನು, ಗ್ರೀಟಿಂಗ್ ಕಾರ್ಡು ಬರುವುದು ಹೊಸದೇನಲ್ಲ. ಆದರೆ ಈ ಗುಚ್ಛದಲ್ಲಿ ಒಂದೇ ಒಂದು ಹೂವೂ ಇರಲಿಲ್ಲ. ಅಂಗೈಯಗಲದ ಒಂಬತ್ತು ಬಿಸ್ಕತ್ತುಗಳನ್ನು ಹೂವಿನಾಕಾರದಲ್ಲಿ ಕತ್ತರಿಸಿ, ಬೇಯಿಸಿ, ಗುಲಾಬಿ, ಹಳದಿ, ನೇರಳೆ ಬಣ್ಣದ ಐಸಿಂಗ್ ಬಳಿದು, ಒಂದೊಂದನ್ನೂ ಕಡ್ಡಿಗೆ ಅಂಟಿಸಿ ಪುಟ್ಟ ಮಣ್ಣಿನ ಕುಂಡದಲ್ಲಿ ನಿಲ್ಲಿಸಿತ್ತು. ತಂದವಳು ಹನ್ನೆರಡು ವರ್ಷದ ಹಿಂದೆ ನನ್ನ ಏಳನೆಯ ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಈಗ ಮದುವೆಯಾಗಿ ನಮ್ಮ ಹಾಸನದಲ್ಲೇ ಇದ್ದಾಳೆ. "ನಾನೇ ಮನೇಲಿ ಮಾಡಿದ್ದು ಮಿಸ್. ಮೊಬೈಲ್ ನೋಡಿ ಕಲಿತೆ" ಎಂದು ಕೈಗಿತ್ತಳು.

ಸ್ಟಾಫ್ ರೂಮಿನಲ್ಲಿ ಅದಕ್ಕೆ ಸಿಕ್ಕಿದ ಮರ್ಯಾದೆ ನನಗೂ ಎಂದೂ ಸಿಕ್ಕಿಲ್ಲ. ಎಲ್ಲರೂ ಫೋಟೋ ತೆಗೆದುಕೊಂಡರು. ಡ್ರಿಲ್ ಮೇಷ್ಟರೂ ಬಂದು ನೋಡಿದರು. "ಎಷ್ಟು ಚೆಂದ, ಮುರಿಯೋಕೇ ಮನಸ್ಸು ಬರಲ್ಲ" ಎಂದರು. ಆ ಮಾತನ್ನು ನಾನೂ ಆಡಿದೆ. ಮೆಚ್ಚುಗೆಯೆಂದೇ ಆಡಿದ್ದು. ಈಗ ಯೋಚಿಸಿದರೆ, ತಿನ್ನುವ ಪದಾರ್ಥವೊಂದಕ್ಕೆ ಇದಕ್ಕಿಂತ ದೊಡ್ಡ ಬೈಗುಳ ಇದ್ದೀತೇ ಎನಿಸುತ್ತದೆ.

ಮನೆಗೆ ತಂದು ಷೋಕೇಸಿನ ಮೇಲಿಟ್ಟೆ. ನಾಳೆ ತಿನ್ನೋಣ, ಭಾನುವಾರ ಮಗಳು ಬರುತ್ತಾಳೆ, ಆಗ ತಿನ್ನೋಣ ಎಂದು ದಿನ ತಳ್ಳಿದೆ. ಮೂರನೆಯ ದಿನ ಇರುವೆ ಬಂತು. ಆರನೆಯ ದಿನ ಬಂದ ಮೊಮ್ಮಗಳು ಗುಲಾಬಿ ಬಣ್ಣದ್ದೊಂದನ್ನು ಕಿತ್ತು ಕಚ್ಚಿ, ಹಾಗೇ ನನ್ನ ಕೈಗೆ ಕೊಟ್ಟು ಆಡಲು ಹೋದಳು. ನಾನು ರುಚಿ ನೋಡಿದೆ. ಮೇಲೆ ಕಲ್ಲಿನಂಥ ಸಕ್ಕರೆ, ಒಳಗೆ ನೆನೆದ ರಟ್ಟು.

ಬೆಂಗಳೂರಿಗೆ ಅಯ್ಯಂಗಾರ್ ಬೇಕರಿಯವರನ್ನು ಕಳಿಸಿಕೊಟ್ಟ ಜಿಲ್ಲೆ ನಮ್ಮದು. ಬೆಣ್ಣೆ ಬಿಸ್ಕತ್ತಿನ ವಿಷಯದಲ್ಲಿ ನಮ್ಮ ನಾಲಗೆಗೆ ಮೋಸ ಮಾಡುವುದು ಸುಲಭವಲ್ಲ. ಆದರೂ ಒಂದು ವಿಚಿತ್ರ ನಡೆಯಿತು. ಕುಂಡದ ಹಿಂಬದಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಒಂದು ಚಿಕ್ಕ ಬಿಸ್ಕತ್ತು ಇತ್ತು. ಐಸಿಂಗ್ ಮುಗಿದುಹೋಗಿತ್ತೋ ಏನೋ, ಅದಕ್ಕೆ ಬಣ್ಣ ಹಚ್ಚಿರಲಿಲ್ಲ. ಚಮಚದ ಮುಳ್ಳಿನಿಂದ ಸುತ್ತ ಗೆರೆ ಎಳೆದಿತ್ತು, ಅಷ್ಟೆ. ಅಂಚು ತುಸು ಕೆಂಪಗೆ ಬೆಂದು, ಪಕ್ಕಾ ಸೇವಂತಿಗೆಯ ಹಾಗೆ ಕಾಣುತ್ತಿತ್ತು. ಉಳಿದವುಗಳಷ್ಟೇ ಹಳತಾಗಿದ್ದರೂ ಅದರಲ್ಲಿ ಬೆಣ್ಣೆಯ ಘಮ, ಏಲಕ್ಕಿಯ ಸುಳಿವು ಇನ್ನೂ ಇತ್ತು. ಎಂಟು ಹೂಗಳನ್ನು ಮುಂದೆ ನಿಲ್ಲಿಸಿ, ನಿಜವಾದ ಹೂವನ್ನು ಆಕೆ ಹಿಂದೆ ಬಚ್ಚಿಟ್ಟಿದ್ದಳು.

ಮಾರನೆಯ ದಿನ ಫೋನು ಮಾಡಿ "ಹೇಗಿತ್ತು ಮಿಸ್?" ಎಂದಳು.

"ತುಂಬ ಚೆನ್ನಾಗಿತ್ತಮ್ಮ" ಎಂದೆ.

ಮೂವತ್ತು ವರ್ಷದಿಂದ ಕೆಂಪು ಶಾಯಿಯಲ್ಲಿ ತಪ್ಪು ತಿದ್ದಿ ಸಂಬಳ ತಿಂದವಳು ನಾನು. ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದರೆ ಅರ್ಧ ಅಂಕ ಕಳೆದವಳು. ಉಡುಗೊರೆಗೆ ಅಂಕ ಹಾಕಬಾರದೆಂಬ ಸೌಜನ್ಯ ಅಂದು ನನ್ನ ಬಾಯಿ ಕಟ್ಟಿತು. ತೀರ ಸುಳ್ಳೂ ಅಲ್ಲ, ಹಿಂದಿನದೊಂದು ಚೆನ್ನಾಗಿಯೇ ಇತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಆ ಒಂದರ ಮಾತನ್ನಾದರೂ ಅವಳಿಗೆ ಹೇಳಿದೆನೇ? ಇಲ್ಲ.

ನನ್ನ ಮಾತನ್ನು ನಂಬಿ ಅವಳು ಒಂದು ನಾಮಕರಣಕ್ಕೆ ಇಪ್ಪತ್ತೈದು ಕುಂಡಗಳನ್ನು ಒಪ್ಪಿಕೊಂಡಳು. ಒಂದೊಂದರಲ್ಲಿ ಮೂರು ಹೂವು. ಬೆಣ್ಣೆಗೆಂದು ಚೀಟಿ ದುಡ್ಡು ಎತ್ತಿ ಹಾಕಿದಳು. ಆಟೋದಲ್ಲಿ ಸಾಗಿಸುವಾಗಲೇ ಅರ್ಧದಷ್ಟು ಕಡ್ಡಿಯಿಂದ ಕಳಚಿ ಬಿದ್ದವು. ಉಳಿದವುಗಳ ಬಣ್ಣ ಜಿಲೇಟಿನ್ ಕಾಗದಕ್ಕೆ ಅಂಟಿಕೊಂಡಿತ್ತು. ಮಾಡಿಸಿಕೊಂಡವರು ಒಪ್ಪಿದ ಹಣದಲ್ಲಿ ಅರ್ಧ ಮಾತ್ರ ಕೊಟ್ಟರು. ಅವಳು ಸೀದಾ ನಮ್ಮ ಮನೆಗೆ ಬಂದು, "ನಿಮಗೆ ಕೊಟ್ಟಿದ್ದು ಚೆನ್ನಾಗಿತ್ತಲ್ಲ ಮಿಸ್, ಇದು ಯಾಕೆ ಹೀಗಾಯ್ತು?" ಎಂದು ಕೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ಅಂದು ಹೇಳಿದೆ, ಎಲ್ಲವನ್ನೂ. ಅವಳ ಕಣ್ಣು ತುಂಬಿತು. ಆದರೂ ಎದ್ದು ಹೋಗಲಿಲ್ಲ. ಇಬ್ಬರೂ ಅಡಿಗೆಮನೆಯಲ್ಲಿ ಕೂತು ಬಿದ್ದ ಬಿಸ್ಕತ್ತುಗಳನ್ನು ಮುಂದಿಟ್ಟುಕೊಂಡು ಪರೀಕ್ಷೆ ನಡೆಸಿದೆವು.

ನೋಡಿ, ಈ ಬಿಸ್ಕತ್ತಿನ ಬೊಕೆ ಎನ್ನುವುದರ ಹುಟ್ಟಿನಲ್ಲೇ ಒಂದು ಜಗಳವಿದೆ. ಹೂವೆಂದರೆ ಎಸಳು ತೆಳ್ಳಗಿರಬೇಕು. ಕಡ್ಡಿ ಹೊರುವ ಬಿಸ್ಕತ್ತು ದಪ್ಪಗಿರಬೇಕು. ಅವಳು ಹೂವಿನ ಪಕ್ಷ ವಹಿಸಿ ಚಪಾತಿಯಂತೆ ಲಟ್ಟಿಸಿದ್ದಳು. ಬೆಂದ ಮೇಲೆ ಕಡ್ಡಿಯನ್ನು ಹಿಂದುಗಡೆ ಐಸಿಂಗಿನಿಂದ ಅಂಟಿಸಿದ್ದಳು. ಅಂಟು ನಮ್ಮೂರಿನ ಮಳೆಗಾಲದ ತೇವಕ್ಕೆ ಬಿಟ್ಟುಕೊಂಡಿತು. ಹಿಟ್ಟನ್ನು ಒಂದು ಇಂಚಿನ ಮೂರನೆಯ ಒಂದು ಭಾಗದಷ್ಟಾದರೂ ದಪ್ಪಗಿಟ್ಟು, ಹಸಿಯಿರುವಾಗಲೇ ಕಡ್ಡಿಯನ್ನು ನಡುಮಧ್ಯದವರೆಗೆ ತೂರಿಸಿ, ಕಡ್ಡಿಯ ಸಮೇತ ಬೇಯಿಸಿದರೆ ಅದು ಹಿಡಿದುಕೊಳ್ಳುತ್ತದೆ. ಪೂರ್ತಿ ಆರುವವರೆಗೆ ಕಡ್ಡಿ ಹಿಡಿದು ಎತ್ತಬಾರದು, ಅಷ್ಟೆ.

ಎಸಳುಗಳು ಹರಡಿ ಒಂದರೊಳಗೊಂದು ಸೇರಿದ್ದಕ್ಕೆ ಬೇಕಿಂಗ್ ಪೌಡರ್ ಕಾರಣ. ಉಬ್ಬಬೇಕಾದ್ದು ಕೇಕು, ಹೂವಲ್ಲ. ತೂಕದಲ್ಲಿ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ, ಇಷ್ಟೇ ಸಾಕು. ಕಲಸಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕತ್ತರಿಸಿದರೆ ಅಂಚು ಕೆಡುವುದಿಲ್ಲ. ಇನ್ನು ಐಸಿಂಗ್ ಒಂದು ರಾತ್ರಿಯಾದರೂ ಒಣಗಬೇಕು. ಇವಳು ಅವಸರಕ್ಕೆ, ಬಿಸ್ಕತ್ತಿನ ಬಿಸಿ ಆರುವ ಮುಂಚೆಯೇ ಬಣ್ಣ ಬಳಿದು ಕಾಗದ ಸುತ್ತಿದ್ದಳು. ಒಳಗಿನ ಹಬೆ ಹೊರಗೆ ಹೋಗಲಾರದೆ ಬಿಸ್ಕತ್ತನ್ನೇ ಹೊಕ್ಕಿತ್ತು. ಡಬ್ಬಿಗೆ ಬಿಸಿ ಚಕ್ಕುಲಿ ತುಂಬಿದವರಿಗೆಲ್ಲ ಗೊತ್ತಿರುವ ಸಂಗತಿ ಇದು.

ಇವೆಲ್ಲ ಕೈಕೆಲಸದ ತಪ್ಪುಗಳು, ತಿದ್ದಿಕೊಳ್ಳಬಹುದು. ನನಗೆ ನಿಜಕ್ಕೂ ತಕರಾರಿದ್ದದ್ದು ಬಣ್ಣದ ಬಗ್ಗೆ. ಕಡ್ಡಿಯ ಮೇಲಿನ ಬಿಸ್ಕತ್ತು ಅಮೆರಿಕದಿಂದ ಬಂದದ್ದು. 1983ರಲ್ಲಿ ಟೆಕ್ಸಾಸಿನಲ್ಲಿ ಗ್ವೆನ್ ವಿಲ್‌ಹೈಟ್ ಎಂಬಾಕೆ ಇದನ್ನೇ ಉದ್ಯಮ ಮಾಡಿಕೊಂಡು 'ಕುಕೀಸ್ ಬೈ ಡಿಸೈನ್' ಎಂಬ ಅಂಗಡಿ ತೆರೆದರು. ಎಲ್ಲಿಂದ ಬಂದರೇನು, ಒಳ್ಳೆಯದಾದರೆ ತೆಗೆದುಕೊಳ್ಳೋಣ. ಆದರೆ ನಮ್ಮ ಹುಡುಗಿಯರು ಮೊಬೈಲ್ ಪರದೆಯ ಮೇಲೆ ಅದನ್ನು ಕಲಿಯುವಾಗ ಕಣ್ಣಿಗೆ ಕಾಣುವುದಷ್ಟೇ ಬರುತ್ತದೆ. ಪರದೆಗೆ ಘಮವಿಲ್ಲ. ಹಾಗಾಗಿ ಬೆಣ್ಣೆಗಿಂತ ಬಣ್ಣಕ್ಕೆ ಹೆಚ್ಚು ಹೊತ್ತು ಖರ್ಚಾಗುತ್ತದೆ. ನೋಡುವವರೂ ಹಾಗೇ ಆಗುತ್ತಾರೆ. ಫೋಟೋ ತೆಗೆದ ಮೇಲೆ ಉಡುಗೊರೆಯ ಕೆಲಸ ಮುಗಿಯಿತೆಂದು ಷೋಕೇಸಿನ ಮೇಲಿಡುತ್ತಾರೆ, ನನ್ನ ಹಾಗೆ.

ನನ್ನಮ್ಮ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುತ್ತಿದ್ದುದು ಆಗ ನೆನಪಾಯಿತು. ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕುತ್ತಿದ್ದಳು. ಸಕ್ಕರೆ ಕುದಿಯುವಾಗ ಹಾಲು ಬಿಟ್ಟು, ಮೇಲೆ ಬಂದ ಕಲ್ಮಶ ತೆಗೆದು, ಬಟ್ಟೆಯಲ್ಲಿ ಸೋಸಿ, ಸೌಟು ಸೌಟಾಗಿ ಪಾಕ ಕಾಯಿಸಿ, ಪಾತ್ರೆಯ ಬದಿಗೆ ಉಜ್ಜಿ ಉಜ್ಜಿ ಬೆಳ್ಳಗಾದ ಕ್ಷಣಕ್ಕೆ ಅಚ್ಚಿಗೆ ಸುರಿಯುತ್ತಿದ್ದಳು. ಗಿಳಿ, ಆನೆ, ಬೃಂದಾವನ, ಗೋಪುರ. ಅದೂ ನೋಡುವುದಕ್ಕೇ ಮಾಡಿದ್ದು, ಅದರಲ್ಲೂ ಸಕ್ಕರೆ ಬಿಟ್ಟು ಬೇರೇನಿಲ್ಲ ಎಂದು ನೀವು ಕೇಳಬಹುದು. ನಿಜವೇ. ಆದರೆ ಗಿಳಿಯನ್ನು ಕೈಗೆ ಕೊಟ್ಟ ಮೇಲೆ ಯಾವ ಮಗುವೂ ಮುರಿಯಲು ಮನಸ್ಸಿಲ್ಲವೆಂದು ಕೂತದ್ದನ್ನು ನಾನು ಕಂಡಿಲ್ಲ. ಬೀದಿ ದಾಟುವಷ್ಟರಲ್ಲಿ ಬಾಲ ಹೋಗಿರುತ್ತಿತ್ತು. ಅದು ಒಬ್ಬರ ಕೈಗೆ ಒಂದು, ಎಳ್ಳಿನ ಜೊತೆಗೆ, ಬಾಯಿಗೆ ಹಿಡಿಸುವ ಅಳತೆಯದು. ಒಂಬತ್ತನ್ನು ಒಟ್ಟಿಗೆ ಕುಂಡದಲ್ಲಿ ನೆಟ್ಟು ಕಾಗದ ಸುತ್ತಿ ಕೊಟ್ಟರೆ ಮೊದಲನೆಯದನ್ನು ಕೀಳುವವರು ಯಾರು? ಗುಚ್ಛ ಕೆಡಿಸಿದ ಪಾಪ ಯಾರಿಗೆ ಬೇಕು?

ಇದನ್ನೇ ಅವಳಿಗೆ ಹೇಳಿದೆ. ಚಿಕ್ಕದು ಮಾಡು, ಐದು ಸಾಕು, ಕೊಡುವಾಗ ನೀನೇ ಒಂದನ್ನು ಕಿತ್ತು ಅವರ ಕೈಗಿಡು. ಅಂದು ಹಿಂದೆ ಬಚ್ಚಿಟ್ಟದ್ದನ್ನು ಮುಂದಿಡು. "ಅದಾ ಮಿಸ್? ಅದು ಐಸಿಂಗ್ ಸಾಲದೆ ಬಿಟ್ಟಿದ್ದು" ಎಂದಳು. ಉಳಿದ ಎಂಟಕ್ಕೂ ಸಾಲದೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದೆ. ಅಷ್ಟು ಹೊತ್ತಿಗೆ ಅವಳಿಗೂ ನಗು ಬಂತು. ಹೋದ ದುಡ್ಡಂತೂ ಬರಲಿಲ್ಲ. ಬೆಣ್ಣೆಯ ಬಾಬತ್ತು ನಾನು ಕೊಡಲು ಹೋದರೆ ಅವಳು ತೆಗೆದುಕೊಳ್ಳಲಿಲ್ಲ.

ಸಂಕ್ರಾಂತಿಯ ದಿನ ಅವಳು ಐದು ಸೇವಂತಿಗೆಗಳನ್ನು ತಂದಳು. ಬಣ್ಣವಿಲ್ಲ, ಕಾಗದವಿಲ್ಲ, ಅಂಚು ಮಾತ್ರ ಕೆಂಪಗೆ. ಚಪ್ಪಲಿ ಬಿಡುವುದರೊಳಗೆ ಮೊಮ್ಮಗಳು ಒಂದನ್ನು ಕಿತ್ತಾಗಿತ್ತು. ಇನ್ನೂ ಒಂದು ಬೇಕೆಂದು ಕೈ ಚಾಚಿದಳು. ನಾನೂ ಸುಮ್ಮನಿರಲಿಲ್ಲ. ಎಷ್ಟೋ ವರ್ಷದಿಂದ ಪೇಟೆಯ ಅಚ್ಚನ್ನೇ ಕೊಂಡು ಹಂಚುತ್ತಿದ್ದವಳು, ಈ ಸಲ ಅಟ್ಟದಿಂದ ಅಮ್ಮನ ಅಚ್ಚುಗಳನ್ನು ಇಳಿಸಿದ್ದೆ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಎಂದು ಎಳ್ಳಿನ ಜೊತೆ ಒಂದು ಗಿಳಿಯನ್ನು ಅವಳ ಕೈಗಿಟ್ಟೆ.

ಬಾಲ ಕಚ್ಚಿ, ಒಂದು ಕ್ಷಣ ಬಾಯಲ್ಲೇ ಇಟ್ಟುಕೊಂಡು, "ಪಾಕ ಇನ್ನೊಂದು ಚೂರು ಬರಬೇಕಿತ್ತು ಮಿಸ್, ಹಲ್ಲಿಗೆ ಅಂಟುತ್ತೆ" ಎಂದಳು.