ಹಿಡಿಯಿಲ್ಲದ ಕತ್ತಿ

ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಗ್ರಾನೈಟ್ ಕಟ್ಟೆಯಿದೆ, ಸ್ಟೀಲಿನ ಚಾಕುಗಳಿವೆ. ಅಮ್ಮ ಮಾತ್ರ ನೆಲದಲ್ಲಿ ಕೂತು, ಊರಿಂದ ತಂದ ಮೆಟ್ಟುಕತ್ತಿಯನ್ನೇ ಎಳೆದುಕೊಳ್ಳುತ್ತಾರೆ. ಉಡುಪಿ ಕಡೆಯ ಕಮ್ಮಾರ ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಸಿ ಬಡಿದದ್ದು, ಮಣೆ ಹಲಸಿನದು.

ಇದಕ್ಕೆ ಹಿಡಿಯೇ ಇಲ್ಲ, ಸುಖವಿರುವುದೂ ಅಲ್ಲೇ! ಹಿಡಿಯುವ ಕೆಲಸ ಮಣೆ ಮೆಟ್ಟಿದ ಕಾಲಿನದು. ಅಲಗಿನ ಬಾಯಿ ಕೂತವರ ಕಡೆಗೆ. ಕತ್ತಿ ಅಲುಗದು, ಬದನೆಯೇ ಅದರತ್ತ ಸಾಗುತ್ತದೆ. ಎರಡೂ ಕೈ ತರಕಾರಿಗೇ ಮೀಸಲು, ಹಿಡಿಯನ್ನು ಬಿಗಿಹಿಡಿದು ಮಣಿಕಟ್ಟು ನೋಯುವ ಮಾತಿಲ್ಲ. ಅಲಸಂಡೆ ಕೊಚ್ಚುವಾಗಿನ ಆ ಸಣ್ಣ 'ಕರಕ್ ಕರಕ್' ಕೇಳುತ್ತ ಕೂರುವುದು ನನಗಿಷ್ಟ. ತುದಿಯ ಹಲ್ಲುಗಳಲ್ಲಿ ತೆಂಗಿನಕಾಯಿ ಹೂವಿನಂತೆ ಉದುರುತ್ತದೆ. ಅಮ್ಮನ ಕಾಲು ಊರುವ ಜಾಗದಲ್ಲಿ ಮರ ಸವೆದು ನುಣುಪಾಗಿದೆ. ಯಾವ ಕಾರ್ಖಾನೆ ಆ ಅಳತೆ ತೆಗೆದೀತು?

ಮರಾಠಿಗರ ವಿಳಿ ಇದರ ಒಡಹುಟ್ಟು. ಮುಂಬಯಿಯ ಮೀನು ಮಾರುಕಟ್ಟೆಗಳಲ್ಲಿ ಕೋಲಿ ಹೆಂಗಸರು ದೊಡ್ಡ ಅಲಗಿನ ಮುಂದೆ ಕೂತು ಸುರಮಾಯಿಯನ್ನು ಹೋಳು ಮಾಡುವುದನ್ನು ಒಮ್ಮೆ ನಿಂತು ನೋಡಿ.

ಮಳೆಗಾಲದಲ್ಲಿ ಕಬ್ಬಿಣಕ್ಕೆ ತುಕ್ಕು ಬೇಗ. ಅಮ್ಮ ರಾತ್ರಿ ಒರೆಸಿ, ಒಂದು ತೊಟ್ಟು ತೆಂಗಿನೆಣ್ಣೆ ಸವರಿ, ಗೋಡೆಗೆ ಮುಖಮಾಡಿ ಇಡುತ್ತಾರೆ.